ಹೊಳೆಗೆ ಹಕ್ಕಿಯ ಹೆಸರು ಬೇಕಿಲ್ಲ

ಇಂಗ್ಲೆಂಡಿನ ಯಾರ್ಕ್‌ಷೈರ್ ಕಣಿವೆಗಳ ಒಂದು ಸರಳ ಕೈಕಸುಬು ಇವತ್ತು ಮಡಿ ಉಟ್ಟು ಕೂತಿದೆ. ಟ್ರೌಟ್ ಮೀನಿಗೆಂದು ಗರಿ ಮತ್ತು ರೇಷ್ಮೆಯಿಂದ ಕಟ್ಟುವ ಸಾಫ್ಟ್ ಹ್ಯಾಕಲ್ ಫ್ಲೈಗಳ ವಿಷಯ ಹೇಳುತ್ತಿದ್ದೇನೆ. ಇವನ್ನು ಕಟ್ಟುವವರಲ್ಲಿ, ಕಲಿಸುವವರಲ್ಲಿ, ಇವುಗಳ ಬಗ್ಗೆ ಬರೆಯುವವರಲ್ಲಿ ಬೇರೂರಿರುವ ಮಾತು ಇದು: ಹಳೆಯ ಪಟ್ಟಿ ಯಾವ ಹಕ್ಕಿಯ ಹೆಸರು ಹೇಳುತ್ತದೋ ಆ ಹಕ್ಕಿಯದೇ ಗರಿ ಬೇಕು, ರೆಕ್ಕೆಯ ಒಳಮೈ ಎಂದಿದ್ದರೆ ಒಳಮೈಯದೇ ಆಗಬೇಕು, ಯಾವ ಕಂಪನಿಯ ಎಷ್ಟನೇ ನಂಬರಿನ ರೇಷ್ಮೆ ಎಂದಿದೆಯೋ ಅದೇ ಉರುಳೆಯಿಂದ ಎಳೆ ಬಿಚ್ಚಬೇಕು. ಒಂದು ತಪ್ಪಿದರೂ ಕಟ್ಟಿದ್ದು ಬೇರೇನೋ ಆಯಿತು, ಹಳೆಯ ಹೆಸರಿನಿಂದ ಅದನ್ನು ಕರೆಯುವ ಹಕ್ಕು ಕಟ್ಟಿದವನಿಗಿಲ್ಲ. ಈ ಮಾತು ಪ್ರೀತಿಯಿಂದ ಹುಟ್ಟಿದ್ದು ಎಂಬುದು ನನಗೆ ಗೊತ್ತು. ಆದರೂ ಇದು ತಪ್ಪು, ಮತ್ತು ಇದರಿಂದ ಆಗುತ್ತಿರುವ ಕೇಡು ಚಿಕ್ಕದಲ್ಲ.

ನಮ್ಮ ಕಾವೇರಿ, ತುಂಗೆಯರಲ್ಲಿ ಟ್ರೌಟ್ ಇಲ್ಲ. ಅದು ತಣ್ಣೀರಿನ ಮೀನು. ನಮಗೆ ಹತ್ತಿರವೆಂದರೆ ನೀಲಗಿರಿಯ ಎತ್ತರದ ಹೊಳೆಗಳು, ಅಲ್ಲಿಗೂ ಬ್ರಿಟಿಷರು ತಂದು ಬಿಟ್ಟದ್ದು. ಆದ್ದರಿಂದ ಫ್ಲೈ ಎಂದರೇನು ಎಂದು ಎರಡು ಮಾತು ಹೇಳಬೇಕು. ಮೇಫ್ಲೈ ಎಂಬ ಕೀಟದ ಮರಿಹುಳ ಹೊಳೆಯ ತಳದ ಕಲ್ಲುಗಳ ಸಂದಿಯಲ್ಲಿ ಬಹುಕಾಲ ಬಾಳುತ್ತದೆ. ಕಾಲ ಕೂಡಿದಾಗ ಮೇಲೇರಿ ಬಂದು, ನೀರಿನ ಮೇಲ್ಮೈಗೆ ತಾಗಿ, ಚರ್ಮ ಕಳಚಿ, ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ. ಆ ಗಳಿಗೆಯಲ್ಲಿ ಅದಕ್ಕೆ ಈಜುವ ಬಲವೂ ಸಾಲದು, ಹಾರುವ ಬಲ ಇನ್ನೂ ಬಂದಿರುವುದಿಲ್ಲ. ಟ್ರೌಟ್ ಹೊಂಚು ಹಾಕಿ ಹೊಡೆಯುವುದು ಆಗಲೇ. ಸಾಫ್ಟ್ ಹ್ಯಾಕಲ್ ಫ್ಲೈ ತೋರಿಸುವುದು ಆ ಗಳಿಗೆಯನ್ನು. ಅರ್ಧ ಇಂಚಿಗೂ ಗಿಡ್ಡದಾದ ಕೊಕ್ಕೆ, ಅದರ ಮೈಗೆ ಸುತ್ತಿದ ಒಂದು ಪದರ ರೇಷ್ಮೆ, ಕೆಲವಕ್ಕೆ ಚೂರು ತುಪ್ಪಳ, ಕತ್ತಿನ ಬಳಿ ಒಂದೂವರೆ ಇಲ್ಲವೇ ಎರಡು ಸುತ್ತು ಮೆತ್ತನೆಯ ಗರಿ. ಆ ಗರಿಗೇ ಹ್ಯಾಕಲ್ ಎಂದು ಹೆಸರು. ಇಂಗ್ಲೆಂಡಿನ ಉತ್ತರದ ಕಡೆ ಇವನ್ನು ಸ್ಪೈಡರ್ ಎಂದೂ ಕರೆಯುತ್ತಾರೆ. ಪಾರ್ಟ್ರಿಜ್ ಅಂಡ್ ಆರೆಂಜ್, ಸ್ನೈಪ್ ಅಂಡ್ ಪರ್ಪಲ್, ವಾಟರ್‌ಹೆನ್ ಬ್ಲೋವಾ, ಡಾರ್ಕ್ ವಾಚೆಟ್: ಹೆಸರುಗಳು ಹೀಗೆ. ಬಹುಪಾಲು ಹೆಸರುಗಳಲ್ಲೇ ಹಕ್ಕಿ ಇದೆ, ರೇಷ್ಮೆಯ ಬಣ್ಣ ಇದೆ. ಹೆಸರೇ ಕಟ್ಟಳೆ ಎಂಬ ಭ್ರಮೆ ಹುಟ್ಟಲು ಇದೂ ಒಂದು ಕಾರಣ.

ಮಡಿವಂತರು ಎಲ್ಲಕ್ಕಿಂತ ಮೊದಲು ಎತ್ತುವುದು ಪರಂಪರೆಯ ಮಾತನ್ನು. ಹಾಗಾದರೆ ಪರಂಪರೆಯನ್ನೇ ಕೇಳೋಣ. ಸ್ಕಾಟ್ಲೆಂಡಿನ ಡಬ್ಲ್ಯೂ. ಸಿ. ಸ್ಟುವರ್ಟ್ 1857ರಲ್ಲಿ 'ದಿ ಪ್ರಾಕ್ಟಿಕಲ್ ಆಂಗ್ಲರ್' ಪುಸ್ತಕ ಬರೆದ. ಸ್ಪೈಡರ್ ಎಂಬ ಹೆಸರು ಗಾಳಗಾರರ ಬಾಯಲ್ಲಿ ನಿಂತದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಅವನು ಕೊಟ್ಟ ಸ್ಪೈಡರ್‌ಗಳು ಮೂರೇ ಮೂರು: ಕಪ್ಪು, ಕೆಂಪು, ಬೂದು. ಕಪ್ಪಿಗೆ ಗಂಡು ಸ್ಟಾರ್ಲಿಂಗ್ ಹಕ್ಕಿಯ ಗರಿ, ಕಂದು ರೇಷ್ಮೆ. ಅದನ್ನು ತನಗೆ ತೋರಿಸಿಕೊಟ್ಟವನು ಜೇಮ್ಸ್ ಬೇಲಿ ಎಂಬ ಗಾಳಗಾರ ಎಂದು ಸ್ಟುವರ್ಟ್ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಬೂದು ಸ್ಪೈಡರ್‌ಗೆ ಬಂದಾಗ ಅವನು ಡಾಟರೆಲ್ ಹಕ್ಕಿಯ ರೆಕ್ಕೆಯ ಹೊರಮೈಯ ಮೆತ್ತನೆಯ ಗರಿ ಬೇಕೆನ್ನುತ್ತಾನೆ. ಮುಂದಿನ ಉಸಿರಿನಲ್ಲೇ ಆ ಹಕ್ಕಿ ತೀರಾ ಅಪರೂಪವಾಗಿದೆ, ಸ್ಟಾರ್ಲಿಂಗ್ ರೆಕ್ಕೆಯ ಒಳಮೈಯ ಗರಿ ಹಾಕಿದರೆ ಚೆನ್ನಾಗಿ ನಡೆಯುತ್ತದೆ ಎನ್ನುತ್ತಾನೆ. ಈ ಮಾತು ಮತ್ತೆ ಮತ್ತೆ ಅಚ್ಚಾಗಿ ಕಣ್ಣೆದುರು ಬಿದ್ದಿದೆ, ಆದರೂ ಯಾರೂ ಅದರ ತೂಕ ನೋಡಿಲ್ಲ. ಮೂಲಪುರುಷರಲ್ಲಿ ಒಬ್ಬನು, ಪಟ್ಟಿ ಬರೆಯುವಾಗಲೇ, ಪಟ್ಟಿಯ ಒಳಗೇ, ಬದಲಿ ಗರಿಯನ್ನು ಬರೆದಿಟ್ಟಿದ್ದಾನೆ. ಅವನಿಗೆ ಬೇಕಾದದ್ದು ಚಿಕ್ಕದಾದ, ಮೆತ್ತನೆಯ, ಬೂದು ಬಣ್ಣದ ಗರಿ. ಅದು ಒಂದು ಹಕ್ಕಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿದ.

ಯಾರ್ಕ್‌ಷೈರ್‌ಗೆ ಬನ್ನಿ. ಟಿ. ಇ. ಪ್ರಿಟ್ 1885ರಲ್ಲಿ 'ಯಾರ್ಕ್‌ಷೈರ್ ಟ್ರೌಟ್ ಫ್ಲೈಸ್' ತಂದ. ಮರುವರ್ಷ ಅದೇ 'ನಾರ್ತ್-ಕಂಟ್ರಿ ಫ್ಲೈಸ್' ಎಂಬ ಹೆಸರಿನಲ್ಲಿ ಬಂತು. ಅವನ ವಾಟರ್‌ಹೆನ್ ಬ್ಲೋವಾಗೆ ಹಳದಿ ರೇಷ್ಮೆಯ ಮೇಲೆ ನೀರಿಲಿಯ ತುಪ್ಪಳ. ಎಡ್ಮಂಡ್ಸ್ ಮತ್ತು ಲೀ ಜೋಡಿ 1916ರಲ್ಲಿ 'ಬ್ರೂಕ್ ಅಂಡ್ ರಿವರ್ ಟ್ರೌಟಿಂಗ್' ಬರೆದಾಗ ಅದೇ ಫ್ಲೈಗೆ ಹಾಕಿದ್ದು ಮೋಲ್ ಎಂಬ ಬಿಲ ತೋಡುವ ಪ್ರಾಣಿಯ ತುಪ್ಪಳ. ಪ್ರಿಟ್‌ನ ಕಿತ್ತಳೆ ಪಾರ್ಟ್ರಿಜ್‌ನಲ್ಲಿ ಬರೀ ರೇಷ್ಮೆ; ಎಡ್ಮಂಡ್ಸ್ ಮತ್ತು ಲೀ ಅದರ ಮೇಲೆ ಚಿನ್ನದ ಬಣ್ಣದ ತಂತಿ ಸುತ್ತಿದರು. ನಡುವೆ ಕಳೆದದ್ದು ಬರೀ ಮೂವತ್ತು ವರ್ಷ, ಊರುಗಳೂ ದೂರದವಲ್ಲ. ಇದಕ್ಕೂ ಹಿಂದೆ ಇದ್ದದ್ದು ಕೈಬರಹದ ಪಟ್ಟಿಗಳು. ವಾರ್ಫ್‌ಡೇಲ್‌ನ ಜಾನ್ ಸ್ವಾರ್‌ಬ್ರಿಕ್‌ನ 1807ರ ಪಟ್ಟಿ ಅವುಗಳಲ್ಲಿ ಹೆಸರಾದದ್ದು. ಕೈಯಿಂದ ಕೈಗೆ ಹೋದ ಪಟ್ಟಿಗಳೆಂದ ಮೇಲೆ ಪಾಠಾಂತರ ಸಹಜ. ನಮ್ಮ ತಾಳೆಗರಿಗಳನ್ನು ಸಂಪಾದಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಓಲೆಯ ಪಾಠಾಂತರದಲ್ಲಿ ಮೂಲ ಯಾವುದೆಂದು ಹುಡುಕಬೇಕಾಗುತ್ತದೆ. ಇಲ್ಲಿ ಹುಡುಕಲು ಮೂಲ ಎಂಬುದೇ ಇಲ್ಲ. ಪ್ರತಿ ಕಣಿವೆಯವನೂ ತನ್ನ ಹೊಲದ ಬದುವಿನಲ್ಲಿ, ತನ್ನ ಗುಡ್ಡದ ಜವುಗಿನಲ್ಲಿ ಹೊಡೆದ ಹಕ್ಕಿಯ ಗರಿಯಿಂದ ತನ್ನ ಹೊಳೆಯ ಹುಳವನ್ನು ಕಟ್ಟಿದ. ಪಟ್ಟಿ ಎನ್ನುವುದು ಆ ಊರಿನ ಬೇಟೆಯ ದಾಖಲೆ ಕೂಡ ಹೌದು.

ನೀರಿಲಿಯ ವಿಷಯ ಇನ್ನೂ ಸ್ವಲ್ಪ ನೋಡಬೇಕು. ಬ್ರಿಟನ್ನಿನಲ್ಲಿ ಆ ಪ್ರಾಣಿ ಈಗ ತೀರಾ ಕಡಿಮೆಯಾಗಿ ಕಾನೂನಿನ ರಕ್ಷಣೆಯಲ್ಲಿದೆ. ಅದರ ತುಪ್ಪಳ ಯಾರೂ ಬಳಸುವುದಿಲ್ಲ, ಎಲ್ಲರೂ ಮೋಲ್ ಹಾಕುತ್ತಾರೆ. ಹಾಗೆ ಕಟ್ಟಿದ ವಾಟರ್‌ಹೆನ್ ಬ್ಲೋವಾವನ್ನು ಯಾವ ಮಡಿವಂತನೂ ಮೈಲಿಗೆ ಎನ್ನುವುದಿಲ್ಲ, ಏಕೆಂದರೆ ಮೋಲ್ 1916ರ ಪುಸ್ತಕದಲ್ಲಿದೆ. ಅಂದರೆ 1916ರಲ್ಲಿ ಇಬ್ಬರು ಮಾಡಿದ ಬದಲಾವಣೆ ಶಾಸ್ತ್ರ. ಅದೇ ಬಗೆಯ ಬದಲಾವಣೆಯನ್ನು ಇಂದು ಒಬ್ಬಳು ಮಾಡಿದರೆ ಅಪಚಾರ. ಈ ಗೆರೆಯನ್ನು ಎಳೆದವರು ಯಾರು? ಅಚ್ಚಿನ ಮೊಳೆಗೆ ಇಷ್ಟು ಅಧಿಕಾರ ಹೇಗೆ ಬಂತು? ಇದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಎಡ್ಮಂಡ್ಸ್ ಮತ್ತು ಲೀ ಅವರನ್ನು ಮಡಿವಂತರು ತಮ್ಮ ಪಕ್ಷದ ದೊಡ್ಡ ಸಾಕ್ಷಿ ಎಂದುಕೊಂಡಿದ್ದಾರೆ. ಅದಕ್ಕೆ ಕಾರಣವೂ ಇದೆ. ಆ ಪುಸ್ತಕದ ವಿಶೇಷ ಪ್ರತಿಗಳು, ಐವತ್ತೇ ಐವತ್ತು, ನಿಜವಾದ ಗರಿ, ರೇಷ್ಮೆ, ತುಪ್ಪಳಗಳ ಮಾದರಿಗಳನ್ನೇ ಒಳಗಿಟ್ಟುಕೊಂಡು ಬಂದವು. ರೇಷ್ಮೆಗೆ ಪಿಯರ್ಸಲ್ಸ್ ಕಂಪನಿಯ ಗಾಸಮರ್ ಎಂಬ ತೆಳುನೂಲಿನ ನಂಬರುಗಳನ್ನು ಕೊಟ್ಟರು. ಇಷ್ಟು ಕಟ್ಟುನಿಟ್ಟಾಗಿದ್ದವರು ಬದಲಿಯನ್ನು ಒಪ್ಪುತ್ತಿದ್ದರೇ ಎಂದು ಕೇಳುತ್ತಾರೆ. ಆದರೆ ಆ ಪುಸ್ತಕದಲ್ಲಿ ಗರಿಗಳ ಪಕ್ಕದಲ್ಲೇ ಹುಳಗಳ ಮಾತೂ ಇದೆ. ಅವರು ಹೊಳೆಯಲ್ಲಿ ಹುಳ ಹಿಡಿದು, ಅದನ್ನು ನೋಡಿ, ಅದಕ್ಕೆ ಹೊಂದುವ ಗರಿಯನ್ನು ಆರಿಸಿದವರು. ಯಾವ ತಿಂಗಳಲ್ಲಿ ಯಾವ ಫ್ಲೈ ಎಂದೂ ಹೇಳಿದವರು. ಮಾತಿನಲ್ಲಿ ಬಣ್ಣ ಹಿಡಿಯುವುದು ಕಷ್ಟ ಎಂದು ಅರಿತೇ ಮಾದರಿಯನ್ನು ಪುಟದಲ್ಲಿ ಇಟ್ಟರು. ಮಾದರಿ ಇರುವುದು ಹೋಲಿಸಿ ನೋಡಲು. ಯಾವ ಗರಿಯನ್ನಾದರೂ ತಂದು ಅದರ ಪಕ್ಕ ಹಿಡಿದು ಹೊಂದುತ್ತದೆಯೇ ಎಂದು ಕಣ್ಣಿನಿಂದ ತೀರ್ಮಾನಿಸಬಹುದು. ಆ ಪುಸ್ತಕದಿಂದ ಕಲಿಯಬೇಕಾದದ್ದು ನೋಡುವ ಶಿಸ್ತನ್ನು. ಇವರು ಕಲಿತದ್ದು ಕೊಳ್ಳುವ ಶಿಸ್ತನ್ನು.

ಈಗ ರೇಷ್ಮೆಗೆ ಬರುತ್ತೇನೆ. ಮಡಿ ಅತ್ಯಂತ ಬಿಗಿಯಾಗಿರುವುದು ಇಲ್ಲೇ. ಪಿಯರ್ಸಲ್ಸ್ 1795ರಲ್ಲಿ ಶುರುವಾದ ಕಂಪನಿ. ಕಾಲಾಂತರದಲ್ಲಿ ಸಾಮರ್‌ಸೆಟ್‌ನ ಟಾಂಟನ್‌ನಲ್ಲಿ ನೆಲೆಯಾಗಿ ಶಸ್ತ್ರಚಿಕಿತ್ಸೆಯ ಹೊಲಿಗೆ ದಾರಕ್ಕೆ ಹೆಸರಾಯಿತು. ಗಾಸಮರ್ ನೂಲಿನ ತಯಾರಿಕೆ ಈಗ ನಿಂತಿದೆ. ನಿಂತದ್ದೇ ತಡ, ಅಂಗಡಿಗಳಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಉಳಿದ ಉರುಳೆಗಳಿಗೆ ಬೇಟೆ ಶುರುವಾಯಿತು. ಹೊಸದಾಗಿ ಕಲಿಯುವವರಿಗೆ ಮೊದಲ ಪಾಠವಾಗಿ ಹೇಳುವುದೇ ಕಿತ್ತಳೆಯ 6ಎ ನಂಬರಿನ ಉರುಳೆ ಸಂಪಾದಿಸು ಎಂದು.

ಆ ನಂಬರು ಏನನ್ನು ಕಾಪಾಡುತ್ತದೆ? ಬಣ್ಣ ಹಾಕಿದ ನೂಲು ಒಂದು ಬಾಣಲೆಯಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗುತ್ತದೆ, ಬಿಸಿಲಿಗೆ ಮಾಸುತ್ತದೆ, ವಯಸ್ಸಿಗೆ ಕಂದುತ್ತದೆ. ಬೇರೆ ಬೇರೆ ದಶಕಗಳಲ್ಲಿ ಬಂದ ಒಂದೇ ನಂಬರಿನ ಉರುಳೆಗಳನ್ನು ಕಿಟಕಿಯ ಬೆಳಕಿನಲ್ಲಿ ಜೋಡಿಸಿಟ್ಟರೆ ಬಣ್ಣ ಒಂದಕ್ಕೊಂದು ಕೂಡುವುದಿಲ್ಲ. ಇರಲಿ, ಒಣಗಿದ ನೂಲಿನ ಬಣ್ಣ ಮೀನಿಗೆ ಕಾಣುವುದೂ ಇಲ್ಲ. ರೇಷ್ಮೆ ಒಣಗಿದ್ದಾಗ ಎಳೆಗಳ ನಡುವೆ ಗಾಳಿ ಇರುತ್ತದೆ. ಬೆಳಕು ಅಲ್ಲಿ ಚದುರಿ ನೂಲು ತಿಳಿಯಾಗಿ, ಹೊಳಪಾಗಿ ಕಾಣುತ್ತದೆ. ನೀರು ಆ ಸಂದಿಗಳನ್ನು ತುಂಬಿದಾಗ ಚದುರುವಿಕೆ ತಗ್ಗಿ ಬಣ್ಣ ಗಾಢವಾಗುತ್ತದೆ, ಒಳಗಿನ ಕೊಕ್ಕೆಯ ಕಪ್ಪು ಮೆಲ್ಲಗೆ ಹೊರಗೆ ಇಣುಕುತ್ತದೆ. ಆಗ ಉರುಳೆಯ ಕಿತ್ತಳೆ ಬೇರೆಯೇ ಆಗುತ್ತದೆ, ಮಾಗಿದ ಕಂದುಗೆಂಪಿನ ಕಡೆಗೆ ವಾಲುತ್ತದೆ. ಇನ್ನು ಮೇಣ. ಹಳಬರು ರೇಷ್ಮೆಗೆ ತೀಡುತ್ತಿದ್ದದ್ದು ಚಪ್ಪಲಿ ಹೊಲಿಯುವವರ ಕಪ್ಪು ಮೇಣವನ್ನು. ಅದನ್ನು ತೀಡಿದ ಹಳದಿ ರೇಷ್ಮೆ ಹಳದಿಯಾಗಿ ಉಳಿಯುವುದಿಲ್ಲ. ಹಸಿರು ಬೆರೆತ ಆಲಿವ್ ಬಣ್ಣಕ್ಕೆ ತಿರುಗುತ್ತದೆ. ವಾಟರ್‌ಹೆನ್ ಬ್ಲೋವಾ ಆಲಿವ್ ಬಣ್ಣದ ಮೇಫ್ಲೈಗೆ ಹೊಂದುವ ಗುಟ್ಟಿನ ಅರ್ಧ ಇಲ್ಲಿದೆ. ಎಷ್ಟು ಮೇಣ ತೀಡಿದರು, ಎಷ್ಟು ಬಿಗಿಯಾಗಿ ಸುತ್ತಿದರು, ಕೊಕ್ಕೆ ಕಂಚಿನ ಬಣ್ಣದ್ದೋ ಬಿಳಿಯದೋ, ಇವೆಲ್ಲ ಸೇರಿ ಕೊನೆಯ ಬಣ್ಣವನ್ನು ತೀರ್ಮಾನಿಸುವಾಗ ಉರುಳೆಯ ಮೇಲಿನ ಚೀಟಿಗೆ ಪೂಜೆ ಯಾಕೆ?

ರೇಷ್ಮೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಾಲಿಯೆಸ್ಟರ್ ಎಳೆ ನೀರಿನಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಈ ಫ್ಲೈಗಳಿಗೆ ಬೇಕಾದ ಆ ಆಳ ಅದರಿಂದ ಬರುವುದು ಕಷ್ಟ, ನನ್ನ ಮೇಜಿನ ಮೇಲೂ ರೇಷ್ಮೆಯೇ ಇದೆ. ಆದರೆ ಆ ಗುಣ ರೇಷ್ಮೆಯದು, ಟಾಂಟನ್ನಿನದಲ್ಲ. ಜಪಾನಿನ ಹೊಲಿಗೆ ರೇಷ್ಮೆ ಅದನ್ನೇ ಮಾಡುತ್ತದೆ. ನಮ್ಮ ಶಿಡ್ಲಘಟ್ಟದಲ್ಲಿ ಗೂಡಿನಿಂದ ಬಿಚ್ಚುವ ನೂಲೂ ಅದೇ ಹಿಪ್ಪುನೇರಳೆ ತಿನ್ನುವ ಹುಳದ್ದು. ಬೇಕಾದದ್ದು ಇಷ್ಟು: ಎಳೆ ಕೂದಲಿನಷ್ಟು ಸಣ್ಣದಿರಬೇಕು, ಹುರಿ ಕಡಿಮೆ ಇರಬೇಕು, ಚಪ್ಪಟೆಯಾಗಿ ಕೂರಬೇಕು, ಕೊಕ್ಕೆಗೆ ಸುತ್ತಿ ನೀರಿನಲ್ಲಿ ಅದ್ದಿದಾಗ ಬೇಕಾದ ಬಣ್ಣ ತೋರಬೇಕು. ನಾಲ್ಕು ಕೊಕ್ಕೆಗಳಿಗೆ ನಾಲ್ಕು ಬಗೆಯ ಕಿತ್ತಳೆ ಸುತ್ತಿ, ಬಿಳಿ ಬಟ್ಟಲಿನ ನೀರಿಗೆ ಹಾಕಿ ನೋಡಿದವರಿಗೆ ನಂಬರಿನ ಮೋಹ ಒಂದೇ ಸಂಜೆಯಲ್ಲಿ ಬಿಡುತ್ತದೆ.

ಗರಿಯ ವಿಷಯ ಇದಕ್ಕಿಂತ ದೊಡ್ಡದು, ಏಕೆಂದರೆ ಫ್ಲೈಗೆ ಜೀವ ಬರುವುದು ಗರಿಯಿಂದ. ಹುಂಜದ ಕೊರಳ ಗರಿ ಬಿರುಸು. ಅದರ ಎಳೆಗಳು ನೀರಿನ ಮೇಲ್ಮೈಯನ್ನು ಒತ್ತಿಕೊಂಡು ಫ್ಲೈಯನ್ನು ತೇಲಿಸುತ್ತವೆ. ತೇಲುವ ಫ್ಲೈಗೆ ಅದೇ ಸರಿ. ನೀರೊಳಗಿನ ಫ್ಲೈಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಗುಣ. ಹೊಳೆಯ ನಡುನೀರಿನಲ್ಲಿ ಸೆಳವು ಒಂದೇ ಸಮನೆ ಇರುವುದಿಲ್ಲ. ಕಲ್ಲಿನ ಹಿಂದೆ ತಡೆಯುತ್ತದೆ, ಮುಂದೆ ನುಗ್ಗುತ್ತದೆ, ಸುಳಿಯುತ್ತದೆ. ಪ್ರತಿ ಬದಲಾವಣೆಗೂ ಗರಿಯ ಎಳೆ ಬಾಗಬೇಕು, ಸೆಳವು ಸಡಿಲಿದಾಗ ಮತ್ತೆ ತೆರೆಯಬೇಕು. ತೆರೆಯುವುದು ಬಾಗುವುದರಷ್ಟೇ ಮುಖ್ಯ, ಇದನ್ನು ಮರೆಯುವವರು ಬಹಳ. ಕೋಳಿಯ ತೊಡೆಯ ಬುಡದ ನಯವಾದ ಪುಕ್ಕ ಬಾಗುತ್ತದೆ, ಆದರೆ ನೆನೆದು ಮೈಗೆ ಅಂಟಿ ಹಾಗೇ ಉಳಿದುಬಿಡುತ್ತದೆ, ಅದರಿಂದ ಪ್ರಯೋಜನವಿಲ್ಲ. ಪಾರ್ಟ್ರಿಜ್ ಗರಿಯ ಹೆಚ್ಚುಗಾರಿಕೆ ಇರುವುದು ಈ ನಡುವಿನ ಹದದಲ್ಲಿ: ಎಳೆ ಬುಡದಲ್ಲಿ ಚೂರು ಗಟ್ಟಿ, ತುದಿಯಲ್ಲಿ ಮೆದು, ಮೇಲೆ ಕಂದು ಬೂದುಗಳ ಚುಕ್ಕೆ. ಆ ಚುಕ್ಕೆಯಿಂದ ಎಳೆ ನೀರಿನಲ್ಲಿ ತುಂಡು ತುಂಡಾಗಿ ಕಾಣುತ್ತದೆ, ಹುಳದ ಕಾಲಿನ ಗಂಟುಗಳಂತೆ, ಒಮ್ಮೆ ಇದ್ದು ಒಮ್ಮೆ ಇಲ್ಲದಂತೆ. ಇಂಥ ಹದ ದೇವರು ಪಾರ್ಟ್ರಿಜ್ ಹಕ್ಕಿಗೆ ಮಾತ್ರ ಬರೆದು ಕೊಟ್ಟದ್ದಲ್ಲ. ಹೆಣ್ಣು ಫೆಸೆಂಟ್ ಹಕ್ಕಿಯ ಮೈಮೇಲೆ ಹುಡುಕಿದರೆ ಸಿಗುತ್ತದೆ. ಕೆಲವು ಚುಕ್ಕೆ ಹೇಂಟೆಗಳ ಕೊರಳಲ್ಲಿ, ಬೆನ್ನಲ್ಲಿ ಸಿಗುತ್ತದೆ.

ಇನ್ನು ಅಳತೆ. ಗರಿಯ ಎಳೆ ಕೊಕ್ಕೆಯ ಬಾಗಿನವರೆಗೆ, ಹೆಚ್ಚೆಂದರೆ ಸ್ವಲ್ಪ ಆಚೆಗೆ ಬರಬೇಕು. 14, 16ನೇ ಅಳತೆಯ ಪುಟ್ಟ ಕೊಕ್ಕೆಗೆ ಹೊಂದುವ ಗರಿ ಪಾರ್ಟ್ರಿಜ್‌ನ ಪೂರ್ತಿ ಮೈಯಲ್ಲಿ ಸಿಗುವುದು ಕೊರಳು ಮತ್ತು ಭುಜದ ಹತ್ತಿರ ಮಾತ್ರ. ಉಳಿದದ್ದೆಲ್ಲ ಉದ್ದ. ಹಕ್ಕಿ ಪಟ್ಟಿಯದ್ದೇ ಇರಬೇಕು ಎಂಬ ಹಟಕ್ಕೆ ಬಿದ್ದವನು ಆ ನಾಲ್ಕು ಗರಿ ಮುಗಿದ ಮೇಲೆ ಉದ್ದನೆಯದನ್ನೇ ಸುತ್ತುತ್ತಾನೆ. ಹೆಸರು ಸರಿ, ಫ್ಲೈ ಕೆಟ್ಟಿತು. ಅಂಥ ಫ್ಲೈಗಳನ್ನು ಅಂದವಾದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟದ್ದನ್ನು ನೋಡಿದ್ದೇನೆ. ಕೆಳಗೆ ಹಕ್ಕಿಯ ಹೆಸರು, ಉರುಳೆಯ ನಂಬರು ಬರೆದಿರುತ್ತದೆ. ಗರಿ ಕೊಕ್ಕೆಯ ಎರಡರಷ್ಟು ಉದ್ದ, ಐದು ಸುತ್ತು ದಪ್ಪ. ನೀರಿಗೆ ಹಾಕಿದರೆ ಅದು ಒಂದು ಒದ್ದೆ ಕುಚ್ಚು. ಚಿಕ್ಕ ಹೇಂಟೆ ಗರಿಯ ಒಂದು ಬದಿಯ ಎಳೆಗಳನ್ನು ಕಿತ್ತು, ತುದಿಯಿಂದ ಕಟ್ಟಿ, ಒಂದೂವರೆ ಸುತ್ತು ಹಾಕಿ ನಿಲ್ಲಿಸಿದವರ ಫ್ಲೈ ಇದಕ್ಕಿಂತ ಹಳಬರ ಫ್ಲೈಗೆ ಹತ್ತಿರ. ಎಳೆಗಳನ್ನು ಎಣಿಸಬಹುದಾದಷ್ಟು ವಿರಳವಾಗಿ ಕಟ್ಟುವುದು, ರೇಷ್ಮೆಯ ಮೈಯನ್ನು ಕೊಕ್ಕೆಯ ಮೊನೆಯ ನೇರಕ್ಕೇ ನಿಲ್ಲಿಸಿ ಗಿಡ್ಡ ಮಾಡುವುದು, ತುಪ್ಪಳವನ್ನು ಕೆಳಗಿನ ಹಳದಿ ಕಾಣುವಷ್ಟೇ ಹಚ್ಚುವುದು: ಉತ್ತರದವರ ಕೈಗುಣ ಇವುಗಳಲ್ಲಿದೆ. ಇವುಗಳ ಬಗ್ಗೆ ಒಂದು ಮಾತು ಇದ್ದರೆ ಹಕ್ಕಿಗಳ ಬಗ್ಗೆ ಹತ್ತು ಮಾತು ಇರುವುದು ಈಗಿನ ಬರಹಗಳ ಸ್ಥಿತಿ.

ಬೇರೆ ನಾಡುಗಳ ಸಾಕ್ಷಿಯೂ ಇದೆ. ಜಪಾನಿನ ಬೆಟ್ಟದ ಹೊಳೆಗಳಲ್ಲಿ ಕೆಬಾರಿ ಎಂಬ ಫ್ಲೈ ಕಟ್ಟುತ್ತಾರೆ. ಹೊಲಿಗೆ ದಾರದ ಮೈ, ಮುಂದಕ್ಕೆ ತೆರೆದ ಗರಿ, ಆ ನಾಡಿನ ಫೆಸೆಂಟ್‌ನದೋ ಕೋಳಿಯದೋ. ಇಟಲಿಯ ಆಲ್ಪ್ಸ್ ತಪ್ಪಲಿನ ವಾಲ್‌ಸೇಸಿಯಾ ಕಣಿವೆಯಲ್ಲಿ ರೇಷ್ಮೆ ಮೈ, ಮೆತ್ತನೆಯ ಗರಿಯ ಫ್ಲೈಗಳು ತಲೆಮಾರುಗಳಿಂದ ಇವೆ. ಈ ಹಳ್ಳಿಗರ ಮುಂದೆ ಯಾರ್ಕ್‌ಷೈರ್‌ನ ಪಟ್ಟಿ ಇರಲಿಲ್ಲ. ಇದ್ದದ್ದು ತಣ್ಣನೆಯ ಸೆಳವಿನ ನೀರು, ಅದರಲ್ಲಿ ಏಳುವ ಹುಳ, ಅದನ್ನು ನುಂಗುವ ಮೀನು. ಮೂರೂ ಕಡೆ ಕೈ ಒಂದೇ ಉತ್ತರಕ್ಕೆ ಬಂತು, ಹಕ್ಕಿಗಳು ಮಾತ್ರ ಬೇರೆ.

ಮೀನು ಮೂಲ ಗರಿಗೇ ಹೆಚ್ಚು ಬೀಳುತ್ತದೆ, ಇದು ಅನುಭವದ ಮಾತು ಎನ್ನುವವರಿದ್ದಾರೆ. ಅವರ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ, ಅದರಿಂದ ಅವರು ತೆಗೆದ ತೀರ್ಮಾನವನ್ನು ಒಪ್ಪುವುದಿಲ್ಲ. ಫ್ಲೈ ಎಷ್ಟು ಆಳದಲ್ಲಿ ಹೋಯಿತು, ದಾರ ಎಳೆಯದೆ ಸಹಜವಾಗಿ ತೇಲಿತೇ, ಆಗ ಹುಳ ಏಳುತ್ತಿತ್ತೇ, ಮೋಡವಿತ್ತೇ, ಇವುಗಳಲ್ಲಿ ಒಂದೊಂದೂ ಗರಿಯ ಹೆಸರಿಗಿಂತ ದೊಡ್ಡ ಕಾರಣ. ನಂಬಿಕೆ ಇರುವ ಫ್ಲೈಯನ್ನು ಮನುಷ್ಯ ಹೆಚ್ಚು ಹೊತ್ತು, ಹೆಚ್ಚು ಗಮನವಿಟ್ಟು ನೀರಿನಲ್ಲಿಡುತ್ತಾನೆ. ಹಾಗೆ ಬಂದ ಮೀನು ಗರಿಗೆ ಪ್ರಮಾಣಪತ್ರವಾಗುವುದಿಲ್ಲ.

ಈಗ ಹಕ್ಕಿಗಳ ಮಾತು. ಸ್ಟುವರ್ಟ್ ಅಪರೂಪವೆಂದ ಡಾಟರೆಲ್, ಬ್ರಿಟನ್ನಿನಲ್ಲಿ ಇವತ್ತು ಸ್ಕಾಟ್ಲೆಂಡಿನ ಎತ್ತರದ ಬೆಟ್ಟಗಳಲ್ಲಷ್ಟೇ ಉಳಿದಿದೆ ಎನ್ನುವಷ್ಟು ಕಡಿಮೆಯಾಗಿದೆ. ಅದನ್ನು ಮಾಂಸಕ್ಕೂ ಹೊಡೆದರು, ಗರಿಗೂ ಹೊಡೆದರು. ಗಾಳಗಾರರ ಬೇಡಿಕೆ ಆ ಇಳಿತದ ಕಾರಣಗಳಲ್ಲಿ ಒಂದು. ಸ್ಟುವರ್ಟ್‌ನ ಕೆಂಪು ಸ್ಪೈಡರ್‌ಗೆ ಬೇಕಾದ ಲ್ಯಾಂಡ್‌ರೇಲ್ ಹಕ್ಕಿ, ಹುಲ್ಲುಗಾವಲುಗಳ ಕಟಾವು ಯಂತ್ರಗಳಿಗೆ ಸಿಕ್ಕಿ ಇಂಗ್ಲೆಂಡಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಪಾರ್ಟ್ರಿಜ್ ಕೂಡ ಕ್ಷೇಮವಾಗಿಲ್ಲ. ಹೊಲಗಳ ಕಳೆನಾಶಕ ಕಳೆಯನ್ನು ಕೊಂದಿತು, ಕಳೆಯ ಮೇಲಿನ ಹುಳ ಹೋಯಿತು, ಹುಳ ತಿಂದು ಬೆಳೆಯಬೇಕಾದ ಮರಿ ಬದುಕಲಿಲ್ಲ. ಸಸೆಕ್ಸ್‌ನಲ್ಲಿ ದಶಕಗಳ ಕಾಲ ನಡೆದ ಅಧ್ಯಯನ ಈ ಸರಪಳಿಯನ್ನು ತೋರಿಸಿಕೊಟ್ಟಿತು. ಸ್ಟಾರ್ಲಿಂಗ್ ಹಿಂಡುಗಳೂ ಬ್ರಿಟನ್ನಿನಲ್ಲಿ ಕರಗುತ್ತಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಫ್ಲೈ ಕಟ್ಟುವವರು ಮುಖ್ಯ ಕಾರಣರಲ್ಲ, ಅವರ ತಲೆಗೆ ಇಲ್ಲದ ಪಾಪ ಕಟ್ಟುವುದು ನನ್ನ ಉದ್ದೇಶವಲ್ಲ. ಸ್ನೈಪ್, ನೀರುಕೋಳಿಗಳನ್ನು ಅಲ್ಲಿ ಋತುವಿನಲ್ಲಿ ಹೊಡೆಯಲು ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಹಕ್ಕಿ ಇಳಿಯುತ್ತಿರುವಾಗ ಅದರದೇ ಗರಿ ಬೇಕೆಂದು ಹೊಸ ತಲೆಮಾರಿಗೆ ಕಲಿಸುವುದು ಯಾವ ನ್ಯಾಯ? ಶಿಕಾರಿಗೆಂದೇ ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಫೆಸೆಂಟ್ ಸಾಕಿ ಬಿಡುತ್ತಾರೆ. ಅವುಗಳ ಗರಿ ಮೂಟೆಗಟ್ಟಲೆ ಕಸಕ್ಕೆ ಹೋಗುತ್ತದೆ. ಅದನ್ನು ಎತ್ತಿಕೊಂಡು ವಿಂಗಡಿಸುವ ಕೆಲಸವನ್ನು ಕಲಿಸಬಹುದಿತ್ತು.

ಗರಿಯ ಹೆಸರಿನ ಮೋಹ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಪಕ್ಕದ ಮನೆಯ ಉದಾಹರಣೆ ಇದೆ. ಸಾಲ್ಮನ್ ಮೀನಿನ ಹಳೆಯ ಶೈಲಿಯ ಫ್ಲೈಗಳು ಬಣ್ಣಬಣ್ಣದ ಉಷ್ಣವಲಯದ ಗರಿಗಳಿಂದ ಕಟ್ಟಿದವು. ವಿಕ್ಟೋರಿಯಾ ಕಾಲದ ಪಟ್ಟಿಗಳನ್ನು ಅಕ್ಷರಶಃ ಪಾಲಿಸುವ ಗೀಳು ಅಲ್ಲಿ ಇನ್ನೂ ಹಳೆಯದು. 2009ರ ಜೂನ್‌ನಲ್ಲಿ ಅಂಥ ಫ್ಲೈ ಕಟ್ಟುವ ಒಬ್ಬ ಯುವಕ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ನುಗ್ಗಿ 299 ಹಕ್ಕಿಗಳ ಒಣಚರ್ಮಗಳನ್ನು ಕದ್ದ. ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೆಸ್ ಸಂಗ್ರಹಿಸಿದ ಹಕ್ಕಿಗಳೂ ಅದರಲ್ಲಿದ್ದವು. ಎಷ್ಟೋ ಚರ್ಮಗಳಿಂದ ಚೀಟಿ ಕಿತ್ತುಹೋಗಿ, ಎಲ್ಲಿ, ಯಾವಾಗ ಸಿಕ್ಕಿತೆಂಬ ಮಾಹಿತಿ ಅಳಿದು, ವಿಜ್ಞಾನಕ್ಕೆ ಅವುಗಳ ಬೆಲೆಯೇ ಹೋಯಿತು. ಸ್ಪೈಡರ್ ಕಟ್ಟುವವರು ಕಳ್ಳರಲ್ಲ. ಆದರೆ ಆ ಗರಿ ಇಲ್ಲದೆ ಈ ಫ್ಲೈ ಇಲ್ಲ ಎಂಬ ನಂಬಿಕೆ ಎರಡೂ ಕಡೆ ಒಂದೇ.

ಅದೇ ಸಾಲ್ಮನ್ ಫ್ಲೈಗಳಿಗೆ ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯೂ ತೆರ ತೆತ್ತಿದೆ. ಮಲೆನಾಡಿನವರು ದಿನವೂ ಕೂಗು ಕೇಳುವ ಆ ಬೂದು ಕಾಡುಕೋಳಿಯ ಹುಂಜದ ಕೊರಳ ಗರಿಯಲ್ಲಿ ಮೇಣದ ಹನಿಯಂಥ ಹೊಳೆವ ಬೊಟ್ಟುಗಳಿವೆ. ಅದಕ್ಕಾಗಿ ಆ ಹಕ್ಕಿಯ ಕೊರಳ ಚರ್ಮಗಳು ಲೆಕ್ಕವಿಲ್ಲದಷ್ಟು ಹಡಗು ಹತ್ತಿದವು. ಭಾರತ ರಫ್ತು ನಿಲ್ಲಿಸಿತು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಬಂತು. ಸಾಲ್ಮನ್ ಫ್ಲೈ ಅದರಿಂದ ಸಾಯಲಿಲ್ಲ. ಸಾಕಿದ ಹಕ್ಕಿಗಳ ಗರಿ ಬಂತು, ಬದಲಿ ಬಂತು, ಗರಿಯ ಆ ಬೊಟ್ಟನ್ನೇ ಬಿಟ್ಟು ಕಟ್ಟಿದವರೂ ಮೀನು ಹಿಡಿದರು. ಸಾಕುಕೋಳಿಯ ಕೊರಳ ಗರಿಯನ್ನು ಭಾರತ ದಶಕಗಳಿಂದ ಈ ಕಸುಬಿಗೆ ಕಳಿಸುತ್ತಲೇ ಇದೆ; ಅಗ್ಗದ ಮಾಲು ಎಂದು ಕಡೆಗಣಿಸುವ ಆ ಹೇಂಟೆ ಚರ್ಮಗಳಲ್ಲಿ ತಾಳ್ಮೆಯಿಂದ ಹುಡುಕಿದರೆ ಸಾಫ್ಟ್ ಹ್ಯಾಕಲ್‌ಗೆ ಹೇಳಿ ಮಾಡಿಸಿದ ಗರಿಗಳು ಸಿಗುತ್ತವೆ.

ನನ್ನ ವಾದವನ್ನು ಏನು ಹಾಕಿದರೂ ನಡೆಯುತ್ತದೆ ಎಂದು ತಿರುಚುವವರಿಗೆ ಒಂದು ಮಾತು. ಏನು ಹಾಕಿದರೂ ನಡೆಯುವುದಿಲ್ಲ. ನಾನು ಕೇಳುತ್ತಿರುವುದು ಮಡಿವಂತರು ಕೇಳುವುದಕ್ಕಿಂತ ಹೆಚ್ಚಿನದು. ಸರಿಯಾದ ಹಕ್ಕಿಯ ಚರ್ಮ ಕೊಳ್ಳಲು ದುಡ್ಡು ಸಾಕು. ಸರಿಯಾದ ಗರಿ ಗುರುತಿಸಲು ಗರಿಯನ್ನು ಒದ್ದೆ ಮಾಡಿ ನೋಡಬೇಕು, ಹುಳವನ್ನು ಹಿಡಿದು ನೋಡಬೇಕು, ಎಷ್ಟು ಸಡಿಲ, ಎಷ್ಟು ಉದ್ದ, ಯಾವ ಛಾಯೆ ಎಂದು ತಾನೇ ತೀರ್ಮಾನಿಸಿ ಆ ತೀರ್ಮಾನಕ್ಕೆ ಹೊಣೆಯಾಗಬೇಕು. ಪೆನ್ಸಿಲ್ವೇನಿಯಾದ ಜೇಮ್ಸ್ ಲೈಸನ್‌ರಿಂಗ್ 1941ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಒಳಗಿನ ರೇಷ್ಮೆಯ ಬಣ್ಣ ತುಪ್ಪಳದ ಮೂಲಕ ಹೇಗೆ ಕಾಣಬೇಕೆಂದು ಯೋಚಿಸಿ ಮೈ ಹೊಸೆಯುವುದನ್ನು ಹೇಳಿಕೊಟ್ಟ. ಇಂಗ್ಲೆಂಡಿನ ಕಲೆಯನ್ನು ಅಮೆರಿಕದ ಹೊಳೆಗೆ ಒಗ್ಗಿಸಿದವನು ಅವನು. 1975ರಲ್ಲಿ ಸಿಲ್ವೆಸ್ಟರ್ ನೀಮ್ಸ್ 'ದಿ ಸಾಫ್ಟ್-ಹ್ಯಾಕಲ್ಡ್ ಫ್ಲೈ' ಬರೆದು ಅಮೆರಿಕದಲ್ಲಿ ಇವುಗಳಿಗೆ ಮರುಜನ್ಮ ಕೊಟ್ಟಾಗಲೂ ಅದು ಬೆಳೆದದ್ದು ಬೇರೆ ನೀರಿನಲ್ಲಿ, ಬೇರೆ ಹುಳಗಳ ನಡುವೆ. ಪರಂಪರೆ ಸಾಗರ ದಾಟಿದ್ದು ಹೀಗೆ.

ಹಳೆಯ ಫ್ಲೈಯನ್ನು ಹಳೆಯ ಸಾಮಗ್ರಿಯಿಂದಲೇ ಕಟ್ಟಿ ಚೌಕಟ್ಟಿನಲ್ಲಿ ಇಡುವವರ ಮೇಲೆ ನನಗೆ ಸಿಟ್ಟಿಲ್ಲ. ಅದು ಚರಿತ್ರೆಯ ಪ್ರತಿ, ಹಾಗೆಂದು ಬರೆದು ಇಡಲಿ, ಹಳೆಯ ಸಂಗ್ರಹಗಳಿಂದ ನ್ಯಾಯವಾಗಿ ಬಂದ ಗರಿ ಬಳಸಲಿ. ಆದರೆ ಮೊದಲ ಸಲ ಕೊಕ್ಕೆಗೆ ರೇಷ್ಮೆ ಸುತ್ತುವ ಹುಡುಗನಿಗೆ, ಹುಡುಗಿಗೆ, ನಿನ್ನದು ನಿಜವಾದ ಪಾರ್ಟ್ರಿಜ್ ಅಂಡ್ ಆರೆಂಜ್ ಅಲ್ಲ ಎಂದು ಹೇಳುವ ಅಧಿಕಾರ ಅವರಿಗೆ ಯಾವ ಪುಸ್ತಕವೂ ಕೊಟ್ಟಿಲ್ಲ. ಕಲಿಸುವವರು ಪಟ್ಟಿಯನ್ನು ಹೊಸದಾಗಿ ಬರೆಯಲಿ: ಎಳೆಯ ಉದ್ದ ಕೊಕ್ಕೆಯ ಬಾಗಿನವರೆಗೆ, ನೀರಿನಲ್ಲಿ ಎಳೆದರೆ ಮುಚ್ಚಿ ಬಿಟ್ಟರೆ ತೆರೆಯುವ ಕಂದುಚುಕ್ಕೆಯ ಗರಿ, ಎರಡು ಸುತ್ತು ಮೀರದಂತೆ, ಒದ್ದೆಯಾದಾಗ ಕಂದುಗೆಂಪಿಗೆ ತಿರುಗುವ ಕಿತ್ತಳೆ ರೇಷ್ಮೆ, ಒಂದೇ ಪದರ. ಹಳಬರು ಇದಕ್ಕೆ ಯಾವ ಹಕ್ಕಿ ಬಳಸುತ್ತಿದ್ದರು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಸ್ಪರ್ಧೆ ನಡೆಸುವವರಿಗೂ ಒಂದು ಬೇಡಿಕೆ ಇದೆ. ಫ್ಲೈಯನ್ನು ಒಣಗಿದ್ದಾಗ, ದೀಪದ ಕೆಳಗೆ, ಸಾಮಗ್ರಿಯ ಚೀಟಿಯ ಜೊತೆಗಿಟ್ಟು ಅಂಕ ಹಾಕುವುದನ್ನು ನಿಲ್ಲಿಸಿ. ತೀರ್ಪುಗಾರರ ಮೇಜಿನ ಮೇಲೆ ಅಗಲವಾದ ಗಾಜಿನ ಪಾತ್ರೆಯಲ್ಲಿ ನೀರಿಡಿ. ಫ್ಲೈಯನ್ನು ದಾರಕ್ಕೆ ಕಟ್ಟಿ ಅದರಲ್ಲಿ ಮುಳುಗಿಸಿ, ಎಳೆಯಿರಿ, ಬಿಡಿ, ಮತ್ತೆ ಎಳೆಯಿರಿ. ಗರಿ ಏನು ಮಾಡಿತು, ರೇಷ್ಮೆ ಯಾವ ಬಣ್ಣಕ್ಕೆ ತಿರುಗಿತು ಎಂದು ಬರೆದುಕೊಂಡು ಅಂಕ ಹಾಕಿ, ಚೀಟಿ ಓದುವುದು ಆಮೇಲೆ.